ಟಲ್ಲಿಯವರ ಊಟಕ್ಕೆ ನಮ್ಮ ಮನೆಯ ಆಲೂಗಡ್ಡೆ

ಒಂದೇ ಭಾನುವಾರ ಒಂದೇ ಊಟವನ್ನು ಎರಡು ಸಲ ಉಂಡ ಮನೆ ಆ ವರ್ಷ ನಮ್ಮ ಊರಿನಲ್ಲಿ ನಮ್ಮದೊಂದೇ ಇರಬೇಕು. ಮಧ್ಯಾಹ್ನ ನನ್ನ ಅತ್ತೆ ಡೀಲಿಯಾ ಓವನ್ನಿನಿಂದ ಕೋಳಿ ತೆಗೆದು ಮೇಜಿನ ಮೇಲಿಡುತ್ತಿದ್ದರು. ಜೊತೆಗೆ ಹುರಿದ ಆಲೂಗಡ್ಡೆ, ಹಿಸುಕಿದ ಆಲೂಗಡ್ಡೆ, ಕ್ಯಾರೆಟ್ಟು, ಕೋಸು, ಮೇಲೆ ಸುರಿಯಲು ಗ್ರೇವಿ. ಅದನ್ನು ತಿಂದು ಪಾತ್ರೆ ತೊಳೆಯುವಷ್ಟರಲ್ಲಿ ಟಲ್ಲಿಯವರ ಪಬ್ಬಿನ ವ್ಯಾನು ಗೇಟಿನ ಮುಂದೆ ಬಂದು ನಿಲ್ಲುತ್ತಿತ್ತು. ಪಬ್ಬಿನ ಯಜಮಾನ ಪೋರಿಕ್ ಟಲ್ಲಿ ನಾಲ್ಕು ಡಬ್ಬಿಗಳನ್ನು ಕಾಂಪೌಂಡಿನ ಗೋಡೆಯ ಮೇಲಿಟ್ಟು, ಹಾರ್ನ್ ಒತ್ತಿ, ಕೈ ಬೀಸಿ ಹೋಗುತ್ತಿದ್ದ. ಬಿಚ್ಚಿ ನೋಡಿದರೆ ಅದೇ ಕೋಳಿ, ಅದೇ ಆಲೂಗಡ್ಡೆ, ಅದೇ ಕೋಸು. ಸಂಜೆ ಅದನ್ನೂ ತಿನ್ನಬೇಕು. ಮಿಕ್ಕದ್ದು ಬುಧವಾರದವರೆಗೆ.

ಇದನ್ನು ತಂದಿಟ್ಟವನು ನನ್ನ ಗಂಡ ಫಿಂಟನ್. ಮಾರ್ಚಿನಲ್ಲಿ ಸಾಂಕ್ರಾಮಿಕ ಕಾಯಿಲೆಗೆ ಹೆದರಿ ದೇಶದ ಪಬ್ಬುಗಳನ್ನೆಲ್ಲ ಮುಚ್ಚಿಸಿದಾಗ ಟಲ್ಲಿಯವರು ಭಾನುವಾರದ ಊಟವನ್ನು ಮನೆಮನೆಗೆ ಕಳಿಸುತ್ತೇವೆಂದು ಹೇಳಿದರು. ಎಲ್ಲರಿಗಿಂತ ಮೊದಲು ಹೆಸರು ಕೊಟ್ಟವನು ಇವನೇ. ನಮ್ಮ ಊರನ್ನು ನಾವೇ ನೋಡಿಕೊಳ್ಳದಿದ್ದರೆ ಇನ್ಯಾರು ನೋಡುತ್ತಾರೆ ಎಂದು ನನಗೇ ಭಾಷಣ ಬಿಗಿದ. ಅವನಿಗೆ ಕಾರಣವೂ ಇತ್ತು, ಇಲ್ಲವೆನ್ನಲಾರೆ. ಮಾವ ತೀರಿಕೊಂಡಾಗ ಮಣ್ಣು ಮಾಡಿ ಬಂದ ಜನಕ್ಕೆಲ್ಲ ಟಲ್ಲಿಯವರೇ ಸೂಪು, ಸ್ಯಾಂಡ್‌ವಿಚ್ಚು ಕೊಟ್ಟಿದ್ದರು. ಫಿಂಟನ್ ದುಡ್ಡು ಕೊಡಲು ಹೋದರೆ ಪೋರಿಕ್ ಅವನ ಕೋಟಿನ ಜೇಬಿಗೇ ಅದನ್ನು ತುರುಕಿ ಕಳಿಸಿದ್ದ. ಅಂಥವರನ್ನು ಕಷ್ಟಕಾಲದಲ್ಲಿ ಕೈಬಿಡುವುದುಂಟೇ?

ಉಂಟು ಎಂದು ನಾನೂ ಹೇಳಲಿಲ್ಲ. ಆದರೆ ಭಾನುವಾರ ಅತ್ತೆಯದು ಎನ್ನುವುದು ಅವನ ತಲೆಗೇ ಹೋಗಲಿಲ್ಲ.

ಸೊಂಟದ ಮೂಳೆ ಮುರಿದು ಆಪರೇಷನ್ ಆದ ಮೇಲೆ ಅತ್ತೆ ನಮ್ಮ ಜೊತೆ ಇರಲು ಬಂದವರು. ಒಂದು ಅಡುಗೆಮನೆ, ಇಬ್ಬರು ಹೆಂಗಸರು. ಮೊದಲ ವರ್ಷ ಉಪ್ಪಿನ ಡಬ್ಬಿ ಎಲ್ಲಿರಬೇಕು ಎನ್ನುವುದಕ್ಕೇ ನಾವು ಎರಡು ತಿಂಗಳು ಮಾತು ಬಿಟ್ಟಿದ್ದೆವು. ಕೊನೆಗೆ ಹೇಗೋ ಒಂದು ಹದಕ್ಕೆ ಬಂತು: ವಾರವೆಲ್ಲ ನನ್ನದು, ಭಾನುವಾರ ಅವರದು. ಯಾರೂ ಬಾಯಿಬಿಟ್ಟು ಮಾಡಿಕೊಂಡ ಒಪ್ಪಂದವಲ್ಲ. ಪೂಜೆ ಮುಗಿಸಿ ಚರ್ಚಿನಿಂದ ಬಂದು, ಕೋಟು ತೆಗೆದು, ಏಪ್ರನ್ ಕಟ್ಟಿದರೆ ಅವರ ಗತ್ತೇ ಬೇರೆ. ನಾನು ಆಚೆ ಕೂತು ಪೇಪರ್ ಓದುತ್ತಿದ್ದೆ.

ಆಮೇಲೆ ಈ ಕಾಯಿಲೆ ಬಂತು. ಎಪ್ಪತ್ತು ದಾಟಿದವರು ಮನೆ ಬಿಟ್ಟು ಹೊರಗೆ ಕಾಲಿಡಬಾರದು ಎಂದು ಸರ್ಕಾರ ಹೇಳಿತು. ಚರ್ಚಿಗೆ ಬೀಗ. ಮಂಗಳವಾರ ಚರ್ಚಿನ ಹಾಲಿನಲ್ಲಿ ನಡೆಯುತ್ತಿದ್ದ ಇಸ್ಪೀಟಿಗೂ ಬೀಗ. ಅತ್ತೆಗೆ ಅಂತ ಉಳಿದದ್ದು ಆ ಒಂದು ಊಟ. ಅದರ ಬೆನ್ನಿಗೇ ಮಗ ನಾಲ್ಕು ಡಬ್ಬಿ ತರಿಸತೊಡಗಿದ.

"ಆ ಗ್ರೇವಿ ನೋಡು, ಪುಡಿ ಕಲಸಿ ಮಾಡಿದ್ದು," ಎಂದು ಅತ್ತೆ ಮೊದಲ ದಿನವೇ ಚಮಚದಿಂದ ಎತ್ತಿ ತೋರಿಸಿದರು. "ಇದನ್ನ ಗೋಡೆಗೆ ಬಳಿದ್ರೆ ಸುಣ್ಣ ಬೇಕಾಗಲ್ಲ."

"ಅಮ್ಮಾ, ರುಚಿಗಲ್ಲ ತರಿಸೋದು. ಊರಿನೋರು ಅಂತ," ಎಂದ ಫಿಂಟನ್.

"ಹಂಗಾದ್ರೆ ದುಡ್ಡು ಕೊಟ್ಟು ಬಾ. ಡಬ್ಬಿ ಯಾಕೆ ತರ್ತೀಯ?"

"ಸುಮ್ನೆ ದುಡ್ಡು ಕೊಟ್ರೆ ತಗೋತಾರಾ ಅವ್ರು?"

ತೆಗೆದುಕೊಳ್ಳುವುದಿಲ್ಲ. ಅದು ನಮ್ಮೆಲ್ಲರಿಗೂ ಗೊತ್ತು. ನಮ್ಮ ಕಡೆ ಒಂದು ಲೋಟ ಚಹಾ ಬೇಕೋ ಎಂದರೂ ಮೂರು ಸಲ ಬೇಡ ಎಂದು ಆಮೇಲೆ ಕುಡಿಯುವ ಜನ ನಾವು. ಹಾಗಾಗಿ ಎರಡೂ ನಡೆಯಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ ತಾಯಿ ಮಗ ಇಬ್ಬರೂ ಪಟ್ಟು ಬಿಡಲಿಲ್ಲ. ಎಳೆದಾಟದಲ್ಲಿ ಹರಿದದ್ದು ನಾನು.

ನನ್ನ ಕೆಲಸ ವಯಸ್ಸಾದವರ ಮನೆಗೆ ಹೋಗಿ ಸ್ನಾನ ಮಾಡಿಸಿ, ಬಟ್ಟೆ ತೊಡಿಸಿ, ಮಾತ್ರೆ ಕೊಟ್ಟು ಬರುವುದು. ಆ ವಸಂತದಲ್ಲಿ ಅರ್ಧ ಜನ ಕೆಲಸಕ್ಕೆ ಬರಲಿಲ್ಲ. ಅವರ ಪಾಲಿನ ಮನೆಗಳೂ ನನ್ನ ಮೇಲೆ ಬಿದ್ದವು. ಫಿಂಟನ್ ಹಳ್ಳಿಗಳಿಂದ ಹಾಲು ತುಂಬಿಕೊಂಡು ಬರುವ ಲಾರಿ ಓಡಿಸುತ್ತಾನೆ, ಅವನಿಗೂ ರಜೆಯಿಲ್ಲ. ಮಗಳು ರೋಷೀನ್‌ಗೆ ಶಾಲೆಯ ಕೊನೆಯ ಪರೀಕ್ಷೆ ನಡೆಯುತ್ತದೋ ಇಲ್ಲವೋ ಎಂದು ಯಾರೂ ಹೇಳುತ್ತಿರಲಿಲ್ಲ. ಅವಳು ಮಧ್ಯಾಹ್ನ ಎದ್ದು, ಎದ್ದದ್ದೇ ತಪ್ಪಾಯಿತೆಂಬ ಮುಖ ಮಾಡಿಕೊಂಡು ಓಡಾಡುತ್ತಿದ್ದಳು. ನಾನು ಹಿತ್ತಲಿನ ಶೆಡ್ಡಿನಲ್ಲಿ ಬಟ್ಟೆ ಬಿಚ್ಚಿ, ಚಳಿಯಲ್ಲಿ ನಡುಗುತ್ತ ಒಳಗೋಡಿ, ಬಿಸಿನೀರು ಸುರಿದುಕೊಂಡು ಅಡುಗೆಮನೆಗೆ ಬಂದರೆ ಸಿಂಕ್ ತುಂಬ ಜಿಡ್ಡುಗಟ್ಟಿದ ಟ್ರೇಗಳು.

ಏಪ್ರಿಲ್ ಕೊನೆಯ ಒಂದು ಭಾನುವಾರ ನನಗೆ ತಡೆಯಲಾಗಲಿಲ್ಲ. ಹಿಂದಿನ ದಿನ ನಾನು ನೋಡಿಕೊಳ್ಳುತ್ತಿದ್ದ ಒಬ್ಬ ಅಜ್ಜನನ್ನು ಆಂಬುಲೆನ್ಸಿನವರು ಕರೆದುಕೊಂಡು ಹೋಗಿದ್ದರು. ಹೋಗುವಾಗ ಆತ ನನ್ನ ಮಾಸ್ಕ್ ನೋಡಿ ನೀನು ಯಾರಮ್ಮಾ ಎಂದು ಕೇಳಿದ್ದ. ಆ ಮಾತು ತಲೆಯಲ್ಲಿ ಸುತ್ತುತ್ತಿರುವಾಗ ಮೇಜಿನ ಮೇಲೆ ಒಂದು ಕೋಳಿ, ಗೋಡೆಯ ಮೇಲೆ ನಾಲ್ಕು ಡಬ್ಬಿ.

"ಅತ್ತೆ, ಇನ್ನು ಭಾನುವಾರ ನೀವು ಅಡುಗೆ ಮಾಡೋದು ಬೇಡ," ಎಂದೆ. "ಹೇಗೂ ಟಲ್ಲಿಯವರದ್ದು ಬರತ್ತೆ. ನೀವು ಆರಾಮಾಗಿರಿ."

"ಆರಾಮಾಗಿರೋಕೆ ನಾನೇನು ಸತ್ತಿದ್ದೀನಾ?"

"ನಾನು ಹಂಗಂದ್ನಾ? ತೊಳೆಯೋಳು ನಾನು ಅತ್ತೆ. ಎರಡೆರಡು ಊಟದ ಪಾತ್ರೆ ತೊಳೆಯೋಳು ನಾನು."

ಅವರು ಏಪ್ರನ್ ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಡ್ರಾಯರಿನೊಳಗಿಟ್ಟು ಮುಚ್ಚಿದರು. ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದರೆ ನನಗೆ ಅಷ್ಟು ಕೆಡುಕೆನಿಸುತ್ತಿರಲಿಲ್ಲ. ಮೆಟ್ಟಿಲು ಹತ್ತಿ ಕೋಣೆಗೆ ಹೋದರು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರೆ. ನನ್ನ ಕಾಲ ಬಂದಿತ್ತು, ಅದರಿಂದ ನನಗೆ ಏನೂ ಸುಖ ಸಿಗಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಅವರು ಕೆಳಗೆ ಬರಲೇ ಇಲ್ಲ. ರೇಡಿಯೋದಲ್ಲಿ ಪೂಜೆ ಕೇಳಿ ಹಾಸಿಗೆಯ ಮೇಲೇ ಕೂತಿರುತ್ತಿದ್ದರು. ಟ್ರೇಯಲ್ಲಿ ಊಟ ಕಳಿಸಿದರೆ ತಟ್ಟೆ ಖಾಲಿಯಾಗಿ ಬರುತ್ತಿತ್ತು. ಸದ್ಯ, ತಿನ್ನುತ್ತಿದ್ದಾರಲ್ಲ ಎಂದುಕೊಂಡೆ. ಒಂದು ದಿನ ರೋಷೀನ್ ಬಂದು, "ಅಮ್ಮಾ, ಪಕ್ಕದ ಮನೆ ನಾಯಿ ನೋಡಿದ್ಯಾ? ಊದ್ಕೊಂಡಿದೆ. ಅಜ್ಜಿ ಕಿಟಕಿಯಿಂದ ಎಲ್ಲಾನೂ ಅದಕ್ಕೇ ಎಸೀತಾರೆ," ಎಂದಳು. ನಗು ಬಂತು. ಮಾರನೆಯ ದಿನ ಬಟ್ಟೆ ಒಗೆಯಲು ತರುವಾಗ ಅತ್ತೆಯ ಲಂಗದ ಸೊಂಟಕ್ಕೆ ದೊಡ್ಡ ಪಿನ್ನು ಚುಚ್ಚಿರುವುದು ಕಂಡಿತು. ಪಿನ್ನಿಲ್ಲದಿದ್ದರೆ ಅದು ನಿಲ್ಲುತ್ತಿರಲಿಲ್ಲ. ಮುದುಕರು ಹೇಗೆ ಕರಗುತ್ತಾರೆ ಎನ್ನುವುದನ್ನು ದಿನವೂ ನೋಡುವವಳು ನಾನು. ಊಟ ಬಿಟ್ಟವರು ಎದ್ದು ಓಡಾಡುವುದನ್ನು ಬಿಡುತ್ತಾರೆ, ಓಡಾಡುವುದನ್ನು ಬಿಟ್ಟವರು ಆಮೇಲೆ ಮಾತು ಬಿಡುತ್ತಾರೆ. ನಮ್ಮ ಮನೆಯಲ್ಲಿ ಅದು ಶುರುವಾಗಿತ್ತು. ನನಗೆ ಹೆದರಿಕೆಯಾಯಿತು.

ಫಿಂಟನ್‌ಗೆ ಹೇಳಿದೆ. ಟಲ್ಲಿಯವರಿಗೆ ಬೇಡ ಎಂದು ಹೇಳು, ನಿಮ್ಮಮ್ಮನ ಕೈಗೆ ಅಡುಗೆಮನೆ ವಾಪಸ್ ಕೊಡೋಣ ಎಂದೆ.

"ನಾನು ಹೇಗೆ ಹೇಳ್ಲಿ? ನಮ್ಮನ್ನ ನಂಬ್ಕೊಂಡು ಒಲೆ ಹಚ್ತಿದಾರೆ ಅವ್ರು. ನೀನೇ ಹೇಳು."

"ಹೆಸ್ರು ಕೊಟ್ಟೋನು ನೀನು."

"ಅಡುಗೆ ಬೇಡ ಅಂತ ಅಮ್ಮಂಗೆ ಹೇಳ್ದೋಳು ನೀನು."

ಅಲ್ಲಿಗೆ ಮಾತು ಮುಗಿಯಿತು. ಬೆಕ್ಕಿಗೆ ಗಂಟೆ ಕಟ್ಟುವವರು ಯಾರೂ ಇಲ್ಲದೆ ವ್ಯಾನು ಬರುತ್ತಲೇ ಇತ್ತು.

ಮೇ ತಿಂಗಳಲ್ಲಿ ಒಂದು ಗುರುವಾರ ನಾನು ಕೆಲಸದಿಂದ ಬರುವಾಗ ಪೋರಿಕ್‌ನ ಹೆಂಡತಿ ಜೆರಲ್ಡೀನ್ ನಮ್ಮ ಗೇಟಿನ ಹತ್ತಿರ ನಿಂತಿದ್ದಳು. ಬಲಗೈ ಮಣಿಕಟ್ಟಿಗೆ ಪಟ್ಟಿ. ಚೀಲದ ಮೇಲೆ ಚೀಲ ಎತ್ತಿ, ಮೂಟೆಗಟ್ಟಲೆ ಆಲೂಗಡ್ಡೆ ಸುಲಿದು ಕೈ ಬಾತುಕೊಂಡಿತ್ತು. ಅಡುಗೆಗೆ ಬರುತ್ತಿದ್ದ ಹುಡುಗಿಯರು ಈಗ ಬರುವುದಿಲ್ಲ, ಎಲ್ಲ ತನ್ನೊಬ್ಬಳ ಮೇಲೆ ಎಂದಳು. ಅವಳು ರಸ್ತೆಯಲ್ಲಿ, ನಾನು ಗೇಟಿನೊಳಗೆ, ನಡುವೆ ಸರ್ಕಾರ ಹೇಳಿದಷ್ಟು ಜಾಗ.

"ಊನಾ, ಬೇಜಾರು ಮಾಡ್ಕೋಬೇಡ್ವೇ," ಎಂದಳು. "ಒಂದೆರಡು ವಾರ ಊಟ ಕಳ್ಸಕ್ಕಾಗಲ್ವೇನೋ. ನಿಮಗೆಲ್ಲ ತೊಂದ್ರೆ ಆಗತ್ತೆ ಅಂತಲೇ ಇಷ್ಟು ದಿನ ಎಳ್ಕೊಂಡು ಬಂದೆ. ನೀವೆಲ್ಲ ಎಷ್ಟು ಆಸೆಯಿಂದ ಕಾಯ್ತೀರ."

ನಾನು ಅವಳ ಮುಖವನ್ನೇ ನೋಡಿದೆ. ಕಣ್ಣ ಕೆಳಗೆ ನನ್ನ ಹಾಗೆಯೇ ಕಪ್ಪು. ಸಭ್ಯತೆಗೂ ಒಂದು ಮಿತಿ ಇರಬೇಕಲ್ಲ.

"ಜೆರಲ್ಡೀನ್, ನಾವು ತರಿಸ್ತಿರೋದು ನಿಮಗೋಸ್ಕರ ಕಣೇ. ನಮ್ಮ ಫ್ರಿಜ್ಜಲ್ಲಿ ಇಡಕ್ಕೆ ಜಾಗ ಇಲ್ಲ."

ಅವಳು ನಗತೊಡಗಿದಳು. ಇಬ್ಬರೂ ನಕ್ಕೆವು, ನಕ್ಕು ನಕ್ಕು ಅವಳು ಗೋಡೆ ಹಿಡಿದುಕೊಂಡಳು. ಇಡೀ ಬೀದಿ ಅವಳಿಗಾಗಿ ತಿನ್ನುತ್ತಿದೆ, ಅವಳು ಇಡೀ ಬೀದಿಗಾಗಿ ಬೇಯಿಸುತ್ತಿದ್ದಾಳೆ. ಹಾಗಾದರೆ ಇವತ್ತೇ ನಿಲ್ಲಿಸು ಮಾರಾಯ್ತಿ ಎಂದೆ.

ಅವಳ ನಗು ನಿಂತಿತು. ನಿಲ್ಲಿಸಲಾಗುವುದಿಲ್ಲ ಎಂದಳು. ಪಬ್ಬು ಮುಚ್ಚಿದಂದಿನಿಂದ ಪೋರಿಕ್ ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲವಂತೆ. ಅವನ ಅಜ್ಜನ ಕಾಲದಿಂದ ತೆರೆದಿದ್ದ ಬಾಗಿಲು ಅದು. ಭಾನುವಾರ ಮಾತ್ರ ಗಡ್ಡ ಬೋಳಿಸಿ, ಟೈ ಕಟ್ಟಿ, ವ್ಯಾನು ಹತ್ತುತ್ತಾನೆ. ಮನೆಮನೆಯ ಮುಂದೆ ಹಾರ್ನ್ ಒತ್ತಿ ಬಂದ ದಿನ ರಾತ್ರಿ ಎರಡು ಮಾತಾಡುತ್ತಾನೆ. ಅಷ್ಟಕ್ಕಾಗಿ ತಾನು ಒಲೆಯ ಮುಂದೆ ಸಾಯುತ್ತಿದ್ದೇನೆ ಎಂದಳು.

ನಾನು ತಲೆಯೆತ್ತಿ ಮಹಡಿಯ ಕಿಟಕಿ ನೋಡಿದೆ. ಪರದೆ ಅಲ್ಲಾಡಿತು. ಅತ್ತೆ ಕೇಳಿಸಿಕೊಳ್ಳುತ್ತಿದ್ದರು.

"ಆಲೂಗಡ್ಡೆ ಇಲ್ಲಿಗೆ ಕಳ್ಸು," ಎಂದೆ, ಮೇಲೆ ಕೇಳಿಸುವಷ್ಟು ಗಟ್ಟಿಯಾಗಿ. "ನಮ್ಮತ್ತೆ ಸುಲಿದು ಕೊಡ್ತಾರೆ."

ಹೊರಗಿನ ಮನೆಯಲ್ಲಿ ಸುಲಿದದ್ದನ್ನು ಪಬ್ಬಿನ ಅಡುಗೆಗೆ ಹಾಕಬಾರದು, ಯಾರಿಗಾದರೂ ಗೊತ್ತಾದರೆ ಕಷ್ಟ ಎಂದು ಜೆರಲ್ಡೀನ್ ಹೆದರಿದಳು. ಯಾರಿಗೂ ಹೇಳುವುದಿಲ್ಲ ಎಂದೆ. ಅತ್ತೆಯನ್ನು ಒಪ್ಪಿಸಲು ನಾನು ಮೆಟ್ಟಿಲು ಹತ್ತುವಾಗ ಹೇಳಬೇಕಾದ ಮಾತನ್ನೆಲ್ಲ ಜೋಡಿಸಿಕೊಂಡಿದ್ದೆ. ಅವರು ಬಾಯಿ ತೆರೆಯಲು ಬಿಡಲಿಲ್ಲ.

"ಆ ಪುಡಿ ಗ್ರೇವಿ ಪಕ್ಕಕ್ಕೆ ನನ್ನ ಆಲೂಗಡ್ಡೆನಾ?"

"ಬೇಡಾಂದ್ರೆ ಬಿಡಿ."

"ಬೇಡ ಅಂತ ಯಾರಂದ್ರು? ನನ್ನ ಚಾಕು ಎಲ್ಲಿಟ್ಟಿದ್ದೀಯ?"

ಶನಿವಾರ ಬೆಳಿಗ್ಗೆ ಪೋರಿಕ್ ಮೂಟೆ ತಂದು ಹಿತ್ತಲ ಬಾಗಿಲಲ್ಲಿ ಇಳಿಸಿದ. ಡ್ರಾಯರಿನಿಂದ ಏಪ್ರನ್ ಹೊರಗೆ ಬಂತು. ಅತ್ತೆ ಬಿಸಿಲಿಗೆ ಕುರ್ಚಿ ಹಾಕಿಸಿಕೊಂಡು, ಎರಡು ಬಕೆಟ್ ನೀರು ಇಡಿಸಿಕೊಂಡು, ರೋಷೀನಳನ್ನು ಹಾಸಿಗೆಯಿಂದ ಎಬ್ಬಿಸಿ ಎದುರು ಕೂರಿಸಿದರು. ಸಿಪ್ಪೆ ಉದ್ದಕ್ಕೆ ಬರಬೇಕು, ದಪ್ಪ ತೆಗೆದರೆ ಅರ್ಧ ಆಲೂಗಡ್ಡೆ ಕಸಕ್ಕೆ ಹೋಗುತ್ತದೆ ಎಂದು ಅವಳಿಗೆ ಬೈಯುತ್ತ, ನಡುನಡುವೆ ಇಸ್ಪೀಟಿನ ಗೆಳತಿಯರ ಗುಟ್ಟುಗಳನ್ನೆಲ್ಲ ಹೇಳುತ್ತ ಸುಲಿದರು. ಮಧ್ಯಾಹ್ನ ಬಕೆಟ್ ಒಯ್ಯಲು ಬಂದ ಪೋರಿಕ್ ಗೋಡೆಯಾಚೆ ನಿಂತು ಬಹಳ ಹೊತ್ತು ಮಾತಾಡಿದ. ಮುಂದಿನ ಶನಿವಾರ ಅವನು ಟೈ ಕಟ್ಟಿಕೊಂಡೇ ಬಂದ. ಪುಡಿ ಬಿಟ್ಟು, ಕೋಳಿಯ ರಸಕ್ಕೆ ಸ್ವಲ್ಪ ಹಿಟ್ಟು ಹಾಕಿ ಕುದಿಸಲು ಹೆಂಡತಿಗೆ ಹೇಳು ಎಂದು ಅತ್ತೆ ಅವನಿಗೆ ಹೇಳಿ ಕಳಿಸಿದರು. ಜೆರಲ್ಡೀನ್ ಹಾಗೆಯೇ ಮಾಡಿದಳು.

ಶನಿವಾರ ಫಿಂಟನ್ ಲಾರಿಯ ಮೇಲಿರುತ್ತಿದ್ದ, ಅವನಿಗೆ ಈ ವ್ಯವಹಾರ ಗೊತ್ತೇ ಇಲ್ಲ. ಒಂದು ಭಾನುವಾರ ಬಾಯಿ ತುಂಬ ತುಂಬಿಕೊಂಡು, "ಅಮ್ಮಾ, ನೀನು ಏನೇ ಹೇಳು, ಟಲ್ಲಿಯವರ ಆಲೂಗಡ್ಡೆ ಈಚೆಗೆ ತುಂಬ ಚೆನ್ನಾಗಾಗಿದೆ," ಎಂದ.

"ಪರವಾಗಿಲ್ಲ," ಎಂದರು ಅತ್ತೆ, ಇನ್ನೊಂದು ಹಾಕಿಕೊಳ್ಳುತ್ತ. ರೋಷೀನ್ ಮೇಜಿನ ಕೆಳಗೆ ಬಗ್ಗಿ ಕೆಮ್ಮಿದಳು. ಅತ್ತೆ ಕೆಳಗೆ ಬಂದು ಉಣ್ಣುತ್ತಿದ್ದರು, ಪಕ್ಕದ ಮನೆಯ ನಾಯಿ ಇಳಿಯಿತು, ಪಿನ್ನು ಡ್ರಾಯರ್ ಸೇರಿತು. ನಾನು ದಣಿದೇ ಇದ್ದೆ, ಆದರೆ ಹೆದರಿಕೆ ಇರಲಿಲ್ಲ.

ಜೂನ್ ಕೊನೆಗೆ ಊಟ ಕೊಡುವ ಪಬ್ಬುಗಳು ಬಾಗಿಲು ತೆರೆಯಬಹುದು ಎಂದರು. ಟಲ್ಲಿಯವರಲ್ಲಿ ಹುಡುಗಿಯರು ಕೆಲಸಕ್ಕೆ ಮರಳಿದರು. ಜೆರಲ್ಡೀನ್ ಒಂದು ದೊಡ್ಡ ಬಟ್ಟಲು ತುಂಬ ಟ್ರೈಫಲ್ ಎನ್ನುವ ಕ್ರೀಮಿನ ಸಿಹಿ ಮಾಡಿಕೊಂಡು ಬಂದು ಗೋಡೆಯ ಮೇಲಿಟ್ಟು, ನಿಮ್ಮ ಉಪಕಾರ ಮರೆಯುವುದಿಲ್ಲ, ಇನ್ನು ನಿಮಗೆ ಆ ಕಷ್ಟ ಕೊಡುವುದಿಲ್ಲ ಎಂದು ಅತ್ತೆಗೆ ಹೇಳಿ ಹೋದಳು. ಒಳ್ಳೆಯದಾಯಿತು ಬಿಡು ಎಂದರು ಅತ್ತೆ. ಟ್ರೈಫಲ್ ಮುಟ್ಟಲಿಲ್ಲ.

ಫಿಂಟನ್ ಖುಷಿಯಿಂದ ಮುಂದಿನ ಭಾನುವಾರಕ್ಕೆ ಪಬ್ಬಿನಲ್ಲಿ ನಮಗೆಲ್ಲ ಮೇಜು ಹೇಳಿಟ್ಟ. ಇಷ್ಟು ದಿನ ಡಬ್ಬಿಯಲ್ಲಿ ತಿಂದದ್ದಾಯಿತು, ಇನ್ನು ಹೋಗಿ ಕೂತು ತಿನ್ನೋಣ ಎಂದ. ಅಲ್ಲಿನ ಜನದ ನಡುವೆ ತಾನು ಬರುವುದಿಲ್ಲ, ನೀವು ಹೋಗಿ ಬನ್ನಿ, ತನಗೆ ಚಹಾ ಬ್ರೆಡ್ಡು ಸಾಕು ಎಂದರು ಅತ್ತೆ. ಭಾನುವಾರದ ಅಡುಗೆ ನೀವು ಮಾಡಿ ಎಂದು ನಾನು ಹೇಳಬಹುದಿತ್ತು. ಬೇಡ ಎಂದವಳು ನಾನೇ, ಯಾವ ಮುಖದಲ್ಲಿ ಕೇಳಲಿ? ಅವರೂ ಕೇಳುವ ಪೈಕಿಯಲ್ಲ.

ಶನಿವಾರ ಕೆಲಸಕ್ಕೆ ಹೊರಟಾಗ ನೋಡುತ್ತೇನೆ, ಅತ್ತೆ ಹಿತ್ತಲ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತಿದ್ದಾರೆ. ಏಪ್ರನ್ ಕಟ್ಟಿದ್ದಾರೆ. ಚಾಕು ತೊಡೆಯ ಮೇಲಿದೆ. ಮೂಟೆ ಬರುವುದಿಲ್ಲ ಎನ್ನುವುದು ಮರೆತಿತ್ತೋ, ನೆನಪಿದ್ದೇ ಕೂತಿದ್ದರೋ, ಕೇಳಲು ನನಗೆ ಧೈರ್ಯ ಬರಲಿಲ್ಲ. ಎರಡು ಮನೆ ಮುಗಿಸಿ ನಡುವೆ ಅಂಗಡಿಗೆ ಓಡಿದೆ. ಟಲ್ಲಿಯವರು ಯಾವಾಗಲೂ ತರುವ ರೂಸ್ಟರ್ ಎನ್ನುವ ಕೆಂಪು ಆಲೂಗಡ್ಡೆ ಇರಲಿಲ್ಲ. ಕೆರ್ಸ್ ಪಿಂಕ್ ಎನ್ನುವ ಗುಲಾಬಿ ಬಣ್ಣದ ಜಾತಿ ಇತ್ತು. ಮಣ್ಣು ಮೆತ್ತಿತ್ತು, ಮುದುಕಿಗೆ ಎಲ್ಲಿ ತಿಳಿಯುತ್ತದೆ ಎಂದು ಒಂದು ಮೂಟೆ ಕೊಂಡೆ. ಶೆಡ್ಡಿನಲ್ಲಿ ಬಿದ್ದಿದ್ದ ಟಲ್ಲಿಯವರ ಹಳೆಯ ಚೀಲಕ್ಕೆ ಸುರಿದು, ಬೆನ್ನು ಮುರಿಯುವಂತೆ ಹೊತ್ತು ತಂದು ಹಿತ್ತಲಲ್ಲಿ ಇಳಿಸಿದೆ. ಪೋರಿಕ್ ಅವಸರದಲ್ಲಿದ್ದ, ಗೇಟಿನಲ್ಲೇ ಇಟ್ಟು ಹೋದ ಎಂದು ಸುಳ್ಳು ಹೇಳಿ ಮತ್ತೆ ಕೆಲಸಕ್ಕೆ ಹೋದೆ.

ಸಂಜೆ ಬಂದಾಗ ಎರಡು ಬಕೆಟ್ಟೂ ತುಂಬಿತ್ತು. ನೀರಿನೊಳಗೆ ಬಿಳಿಯ ಆಲೂಗಡ್ಡೆ, ಬಕೆಟ್ಟಿನ ಅಂಚಿನವರೆಗೆ. ಅತ್ತೆಯ ಬೆರಳುಗಳು ನೆನೆದು ಸುಕ್ಕಾಗಿದ್ದವು. ಕೊನೆಯದೊಂದನ್ನು ಸುಲಿಯುತ್ತಿದ್ದರು.

"ಪೋರಿಕ್ ಇನ್ನೂ ಬಂದಿಲ್ವಾ?" ಎಂದೆ, ನಾಟಕ ಮುಂದುವರಿಸುತ್ತ.

"ಊನಾ, ಟಲ್ಲಿ ಮನೆಗೆ ಕೆರ್ಸ್ ಪಿಂಕ್ ಯಾವತ್ತು ಬಂದಿತ್ತು?" ಎಂದರು ಅವರು, ತಲೆಯೆತ್ತದೆ. "ಇದರ ಕಣ್ಣು ಎಷ್ಟು ಆಳ ಗೊತ್ತಾ? ಒಂದೊಂದನ್ನೂ ತೋಡಿ ತೋಡಿ ತೆಗೀಬೇಕು."

ನಾನು ಮೆಟ್ಟಿಲ ಮೇಲೆ ಕೂತೆ. ಕೆಲಸದ ಬಟ್ಟೆಯನ್ನೂ ಬಿಚ್ಚಿರಲಿಲ್ಲ.

"ಗೊತ್ತಿದ್ದೂ ಇಡೀ ಮೂಟೆ ಸುಲಿದ್ರಾ?"

"ನೀನು ಹೊತ್ಕೊಂಡು ಬಂದೆಯಲ್ಲ. ಆ ಮುಖ ನೋಡಿ ಬೇಡ ಅನ್ನಕ್ಕೆ ಆಗ್ಲಿಲ್ಲ."

ನಾನು ಅವರಿಗಾಗಿ ತಂದೆ, ಅವರು ನನಗಾಗಿ ಸುಲಿದರು. ಆ ಬೀದಿಯನ್ನೂ ಪಬ್ಬನ್ನೂ ನೆನೆದು ನಾನು ಅಷ್ಟು ನಕ್ಕಿದ್ದೆನಲ್ಲ. ಈಗ ನಗು ಬರಲಿಲ್ಲ, ಅಳು ಬಂತು.

"ನಾಳೆ ಅಡುಗೆ ನೀವು ಮಾಡಿ ಅತ್ತೆ," ಎಂದೆ.

"ನನ್ನ ಸಮಾಧಾನಕ್ಕೆ ಹೇಳ್ಬೇಡ. ನಂಗೆ ಯಾರೂ ಆಟದ ಸಾಮಾನು ತಂದ್ಕೊಡೋದು ಬೇಡ."

"ಸಮಾಧಾನಕ್ಕಲ್ಲ. ನನ್ನ ಕೈಲಿ ಆಗ್ತಿಲ್ಲ. ದಿನಾ ಬೇರೆಯೋರ ಅಮ್ಮಂದಿರಿಗೆ ಉಣಿಸಿ ಬರ್ತೀನಿ. ವಾರಕ್ಕೊಂದು ದಿನ ನಂಗೂ ಯಾರಾದ್ರೂ ಬಡಿಸ್ಲಿ. ಪಬ್ಬಲ್ಲಿ ಅಲ್ಲ, ಮನೇಲಿ."

ಅತ್ತೆ ಚಾಕುವನ್ನು ಏಪ್ರನ್ನಿಗೆ ಒರೆಸಿದರು. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದರು.

"ಇದನ್ನ ಏಪ್ರಿಲ್‌ನಲ್ಲಿ ಹೇಳೋಕೆ ಏನಾಗಿತ್ತು ನಿಂಗೆ?" ಎಂದರು. "ಪಾತ್ರೆ ತೊಳೆಯೋಕೆ ಆಗಲ್ಲ ಅಂದೆ. ಹೊಟ್ಟೆಗೆ ಬೇಕು ಅನ್ಲಿಲ್ಲ."

ಆಮೇಲೆ ಕುರ್ಚಿಯ ಕೈ ಹಿಡಿದು ಎದ್ದರು. ಕೋಳಿ ಸಾಕಾಗಿದೆ, ಕುರಿಯ ತೊಡೆ ತರಿಸು ಎಂದರು. ಪಬ್ಬಿನ ಮೇಜು ಬೇಡವೆಂದು ಮಗನಿಗೂ ಟಲ್ಲಿಯವರಿಗೂ ತಾನೇ ಹೇಳುತ್ತೇನೆ, ನಿಮ್ಮ ಕೈಲಿ ಅದು ಆಗುವ ಕೆಲಸವಲ್ಲ ಎಂದರು. ಪಾತ್ರೆ ಫಿಂಟನ್ ತೊಳೆಯಲಿ ಎಂದೂ ಹೇಳಿದರು.

"ಏಳು ಮತ್ತೆ. ಬಕೆಟ್ ನನ್ನ ಕೈಲಿ ಎತ್ತಕ್ಕಾಗಲ್ಲ."

ಒಂದು ಬಕೆಟ್ ನಾನು ಎತ್ತಿದೆ. ಇನ್ನೊಂದನ್ನು ಒಂದೊಂದು ಕಡೆ ಹಿಡಿದು ಇಬ್ಬರೂ ಒಳಗೆ ತಂದೆವು. ಆ ವಾರವೆಲ್ಲ ನಮ್ಮ ಮನೆಯಲ್ಲಿ ಆಲೂಗಡ್ಡೆಯೇ.